ಗೂಡೂ ಕಾಣಬಾರದಂತೆ, ಅಮ್ಮನೂ ಕಾಣಬಾರದಂತೆ

ಹಕ್ಕಿ ಫೋಟೋಗಳ ಆನ್‌ಲೈನ್ ಗುಂಪಿಗೆ ಹಾಕಿದ ನನ್ನ ಫೋಟೋ ಮತ್ತೆ ವಾಪಸ್ ಬಂತು. ಮೂರು ವಾರದಲ್ಲಿ ಅದು ಮೂರನೇ ಸಲ. ‘ನಿಯಮ 9 ಓದಿ’ ಅಂತ ಒಂದೇ ಸಾಲು. ನಮಸ್ಕಾರ ಇಲ್ಲ, ಏನಿಲ್ಲ. ಬಿಲ್ ಕಟ್ಟದ ಮನೆಯ ಫ್ಯೂಸ್ ಕಿತ್ತುಕೊಂಡು ಹೋದ ಹಾಗೆ.

ನನ್ನ ತವರು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕು, ಶಿಂಷಾ ಹೊಳೆ ಹತ್ತಿರ. ಮದುವೆಯಾಗಿ ಮಂಡ್ಯಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಏಪ್ರಿಲ್‌ನಲ್ಲಿ ಮಗಳಿಗೆ ರಜೆ ಬಿಟ್ಟ ಕೂಡಲೇ ಊರಿಗೆ ಓಡ್ತೀನಿ. ಹಕ್ಕಿಗಳು ವಾಪಸ್ ಹೊರಡೋ ಮುಂಚೆ ನೋಡ್ಬೇಕಲ್ಲ.

ಆ ಫೋಟೋ ತೆಗೆದದ್ದು ಹಿತ್ತಿಲ ಬಾಗಿಲಲ್ಲಿ ನಿಂತು. ಅಮ್ಮ ಆಗಷ್ಟೇ ಒಗೆದ ದುಪ್ಪಟಿಯನ್ನು ಹಗ್ಗದ ಮೇಲೆ ಹರವಿದ್ದಳು. ಮೇಲೆ ಹುಣಸೆಮರದಿಂದ ಹೆಜ್ಜಾರ್ಲೆ, ಅಂದ್ರೆ ಪೆಲಿಕನ್ ಹಕ್ಕಿ, ಪಚಕ್ಕನೆ ಹಿಕ್ಕೆ ಹಾಕಿತು. ದುಪ್ಪಟಿಯ ನಟ್ಟ ನಡುವೆ, ಸುಣ್ಣ ಎರಚಿದ ಹಾಗೆ. ಅಮ್ಮ ಒಂದು ಕೈಲಿ ದುಪ್ಪಟಿ ಎಳೀತಾ, ಇನ್ನೊಂದು ಕೈ ಮೇಲೆತ್ತಿ, ‘ನಿನ್ ಮನೆ ಕಾಯೋಗ, ಒಗ್ದಿರೋ ಬಟ್ಟೇನೇ ಬೇಕಾಯ್ತಾ ನಿಂಗೆ’ ಅಂತ ಬೈತಿದ್ದಾಳೆ. ಬೈಯೋ ಮುಖದಲ್ಲಿ ನಗು. ಅವಳ ತಲೆ ಮೇಲೆ ನಾಲ್ಕು ಗೂಡು. ಒಂದರಲ್ಲಿ ಮರಿಯೊಂದು ತಾಯಿಯ ಗಂಟಲ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ತಿನ್ತಿದೆ. ತಾಯಿ ಮಾತ್ರ ನಮ್ಮಮ್ಮನ ಕಡೆ ನೋಡ್ತಾ ಕೂತಿದೆ, ಬೈದಿದ್ದು ಯಾರಿಗೋ ಅನ್ನೋ ಹಾಗೆ.

ನನ್ನ ಜನ್ಮದಲ್ಲಿ ಇಂಥ ಫೋಟೋ ಇನ್ನೊಂದು ಸಿಗಲ್ಲ. ಅದಕ್ಕೇ ಹಕ್ಕಿ ಫೋಟೋಗಳ ಆ ಗುಂಪಿಗೆ ಹಾಕಿದೆ. ಹದಿನಾಲ್ಕು ನಿಯಮ ಇದೆ ಅಂತ ಗೊತ್ತಾಗಿದ್ದು ಆಮೇಲೆ.

ಮೊದಲ ಸಲ ‘ಅಮ್ಮ ಮತ್ತು ಅವಳ ಬಾಣಂತಿಯರು’ ಅಂತ ಬರೆದಿದ್ದೆ. ತೆಗೆದುಹಾಕಿದರು. ಕನ್ನಡದ ಹೆಸರು, ವೈಜ್ಞಾನಿಕ ಹೆಸರು, ಕ್ಯಾಮೆರಾ, ಲೆನ್ಸ್, ಶಟರ್ ಸ್ಪೀಡ್ ಇದೇ ಸಾಲಿನಲ್ಲಿ ಇರಬೇಕಂತೆ. ಸರಿ ಬಿಡಿ, ಹುಡುಕಿ ಬರೆದೆ. ಹೆಜ್ಜಾರ್ಲೆ, ಪೆಲೆಕಾನಸ್ ಫಿಲಿಪೆನ್ಸಿಸ್. ಲೆನ್ಸ್ ಅನ್ನೋ ಕಡೆ ಫೋನಿನ ಹೆಸರು ಹಾಕಿದೆ. ಮೊಬೈಲ್ ಫೋಟೋ ಭಾನುವಾರ ಮಾತ್ರ, ಜೊತೆಗೆ ಫ್ರೇಮಿನಲ್ಲಿ ಮನುಷ್ಯರು ಇರಬಾರದು ಅಂತ ಮತ್ತೆ ತೆಗೆದರು. ಹೊಟ್ಟೆ ಉರಿದರೂ ಅಮ್ಮನನ್ನು ಕತ್ತರಿಸಿ ಭಾನುವಾರ ಬೆಳಿಗ್ಗೆ ಹಾಕಿದೆ. ಆಗ ಬಂದದ್ದು ಈ ನಿಯಮ 9. ಗೂಡಿನ ಚಿತ್ರ ನಿಷೇಧ.

ಆ ನಿಯಮ ಯಾಕಿದೆ ಅಂತ ನನಗೆ ಗೊತ್ತಿಲ್ವಾ? ಗೂಡು ಚೆನ್ನಾಗಿ ಕಾಣಲಿ ಅಂತ ಅಡ್ಡ ಬಂದ ಕೊಂಬೆ ಕಡಿಯೋರು ಇದ್ದಾರೆ. ಮರೆ ಹೋದರೆ ಮರಿಗಳು ಬಿಸಿಲಿಗೆ ಬೇಯುತ್ತವೆ, ಹದ್ದು ಕಾಗೆಗಳ ಕಣ್ಣಿಗೆ ಬೀಳುತ್ತವೆ. ಪದೇ ಪದೇ ಜನ ಹತ್ತಿರ ಹೋದರೆ ತಾಯಿ ಗೂಡು ಬಿಟ್ಟೇ ಹೋಗಬಹುದು. ಆ ನಿಯಮ ಮಾಡಿದವರಿಗೆ ಕೈ ಮುಗೀತೀನಿ, ಸುಮ್ನೆ ಹೇಳ್ತಿಲ್ಲ.

ಆದರೆ ನಮ್ಮೂರಲ್ಲಿ ಗೂಡು ಇರೋದೇ ಮನೆ ತಲೆ ಮೇಲೆ ಸ್ವಾಮಿ! ಬೀದಿ ಮರ, ಹಿತ್ತಿಲ ಮರ ಎಲ್ಲಾ ಕಡೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತಾರೆ ಊರವರು. ಹಕ್ಕಿ ಇದೆ ಅಂತ ಹುಣಸೆಹಣ್ಣು ಬಡಿಯದೆ ಮರದಲ್ಲೇ ಬಿಟ್ಟ ಮನೆಗಳಿವೆ. ಗೂಡಿಂದ ಬಿದ್ದ ಮರಿಗಳನ್ನ ಹಕ್ಕಿ ಕಾಯೋ ಹೆಜ್ಜಾರ್ಲೆ ಬಳಗದ ಊರ ಹುಡುಗರು ಎತ್ತಿಕೊಂಡು ಹೋಗಿ ಮೀನು ಹಾಕಿ ಸಾಕಿದ್ದಾರೆ. 2007ರಲ್ಲಿ ಸರ್ಕಾರ ಸಮುದಾಯ ಮೀಸಲು ಪ್ರದೇಶ ಅಂತ ಬೋರ್ಡು ಹಾಕಿತು. ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ನಮ್ಮ ಅಜ್ಜಿಯಂದಿರು ಹಿಕ್ಕೆ ಬಿದ್ದ ಬಟ್ಟೆ ಎರಡೆರಡು ಸಲ ಒಗೆದಿದ್ದಾರೆ. ಗೂಡು ಬರದ ಹಾಗೆ ಫೋಟೋ ತೆಗೀಬೇಕು ಅಂದ್ರೆ ನಾನು ನೆಲ ನೋಡ್ಕೊಂಡು ತೆಗೀಬೇಕು. ಅಲ್ಲೂ ಹಿಕ್ಕೆಯೇ ಇರುತ್ತೆ.

ಇದನ್ನೆಲ್ಲ ಅಡ್ಮಿನ್‌ಗೆ ಬರೆದೆ. ‘ನಿಮಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಮೇಡಂ.’ ಮುಗೀತು. ಎಲ್ಲರ ಹಿತ್ತಿಲಲ್ಲೂ ಹೆಜ್ಜಾರ್ಲೆ ಹೆರಿಗೆ ಆಗುತ್ತಾ?

ಅದೇ ವಾರ ಅದೇ ಗುಂಪಲ್ಲಿ ಒಂದು ಮಿಂಚುಳ್ಳಿ ಮೆರೀತಿತ್ತು. ಕೊಕ್ಕಲ್ಲಿ ಮೀನು, ಹಿಂದೆ ನುಣ್ಣನೆ ಹಸಿರು. ನೀರಿನ ತೊಟ್ಟಿಗೆ ಮೀನು ಬಿಟ್ಟು, ಪಕ್ಕದಲ್ಲಿ ಕೋಲು ನೆಟ್ಟು ಕರೆಸಿಕೊಂಡ ಹಕ್ಕಿ ಅದು. ತೊಟ್ಟಿಯ ಅಂಚು ಮೂಲೆಯಲ್ಲಿ ಇಣುಕ್ತಾ ಇದೆ, ಕಣ್ಣಿದ್ದೋರಿಗೆ ಕಾಣುತ್ತೆ. ಆದ್ರೆ ಲೆನ್ಸಿನ ನಂಬರ್ ಸರಿಯಾಗಿ ಬರೆದಿದ್ರಲ್ಲ, ಪಾಸು. ಅಷ್ಟು ದೊಡ್ಡ ಲೆನ್ಸು ಕೊಳ್ಳೋ ದುಡ್ಡಲ್ಲಿ ನಾನು ಎರಡು ಹಸು ಕಟ್ತಿದ್ದೆ.

ಕೊನೆಗೆ ರೋಸಿಹೋಗಿ ಗೂಡುಗಳನ್ನೂ ಕತ್ತರಿಸಿದೆ. ಉಳಿದದ್ದು ಅದೇ ಫೋಟೋದ ಮೂಲೆಯಲ್ಲಿ ಹಾರ್ತಿದ್ದ ಇನ್ನೊಂದು ಹೆಜ್ಜಾರ್ಲೆ ಮತ್ತು ಬಿಳಿ ಆಕಾಶ. ಮುಂದಿನ ಭಾನುವಾರ ಹಾಕಿದೆ. ಹತ್ತೇ ನಿಮಿಷಕ್ಕೆ ಒಪ್ಪಿಗೆ! ‘ಹಿನ್ನೆಲೆ ಎಷ್ಟು ಕ್ಲೀನ್’ ಅಂತ ಒಬ್ಬರು. ‘ಸೂಪರ್ ಕಂಪೋಸಿಷನ್’ ಅಂತ ಇನ್ನೊಬ್ಬರು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, ‘ಇದ್ಯಾವೂರ್ ಹಕ್ಕಿ?’ ಅಂದಳು.

ಇಷ್ಟಾಗಿ ಸುಮ್ನಾಗ್ತಿದ್ದೆ. ನಿನ್ನೆ ರಾತ್ರಿ ಅಡ್ಮಿನ್ ಸಾಹೇಬರ ಮೆಸೇಜ್ ಬಂತು. ಈ ಸಲ ನಮಸ್ಕಾರ ಎಲ್ಲಾ ಇತ್ತು. ‘ಮೇಡಂ, ನಿಮ್ಮ ತವರು ಕೊಕ್ಕರೆ ಬೆಳ್ಳೂರು ಅಂದಿದ್ರಲ್ಲ. ನಿಮ್ಮ ಮನೆ ತಾರಸಿಯಿಂದ ಗೂಡು ನೇರಕ್ಕೆ ಕಾಣುತ್ತಾ? ಮುಂದಿನ ಶನಿವಾರ ನಾವೊಂದಿಷ್ಟು ಜನ ಬರೋಣ ಅಂತಿದ್ವಿ. ಸುಮ್ನೆ ನಮ್ಮ ಕಲೆಕ್ಷನ್‌ಗೆ ಅಷ್ಟೇ, ಎಲ್ಲೂ ಹಾಕಲ್ಲ.’

ನಿಯಮ 9 ಓದಿ ಅಂತ ಟೈಪ್ ಮಾಡಿ, ಇನ್ನೂ ನಾಲ್ಕು ಮಾತು ಸೇರಿಸೋಣ ಅಂತ ಫೋನ್ ಹಿಡಿದು ಕೂತಿದ್ದೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು, ವಿಷಯ ಹೇಳಿದೆ.

‘ಬರ್ಲಿ ಬುಡವ್ವ. ಎಷ್ಟ್ ಜನ ಬತ್ತಾರೆ ಅಂತ ಕೇಳು, ಮುದ್ದೆ ಮಾಡ್ಬೇಕಲ್ಲ.’