ಇನ್ಸುಲಿನ್ ಗಿಡದ ಎಲೆ ತಿಂದ್ರೆ ಇಂಜೆಕ್ಷನ್ ಬಿಡ್ಬಹುದಾ?

ಮಂಗಳೂರು, ಉಡುಪಿ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ತಿರುಗ್ತಾ ಉಂಟಲ್ಲ, "ಇನ್ಸುಲಿನ್ ಗಿಡದ ಎರಡು ಎಲೆ ದಿನಾ ಜಗಿದ್ರೆ ಇನ್ಸುಲಿನ್ ಸೀದಾ ರಕ್ತಕ್ಕೆ ಹೋಗ್ತದೆ, ಇಂಜೆಕ್ಷನ್ ಬೇಡ" ಅಂತ, ಅದು ಸರಿಯಲ್ಲ.

ಇನ್ಸುಲಿನ್ ಅಂದ್ರೆ 51 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದ್ರೆ ಒಂದು ಸಣ್ಣ ಪ್ರೋಟೀನು, 21 ಮತ್ತು 30ರ ಎರಡು ಸರಪಳಿ ಸೇರಿದ್ದು. ಮಾಡುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು. ಗಂಜಿ ಊಟ ಆದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರ್ತದೆ, ಅದು ಗೊತ್ತಾಗಿ ಈ ಕೋಶಗಳು ಇನ್ಸುಲಿನ್ ಬಿಡ್ತವೆ, ಅದು ರಕ್ತದಲ್ಲಿ ಹೋಗಿ ಸ್ನಾಯು, ಕೊಬ್ಬಿನ ಕೋಶಗಳ ಹೊರಮೈಯ ರಿಸೆಪ್ಟರಿಗೆ (ಸಿಗ್ನಲ್ ಹಿಡಿಯುವ ಜಾಗಕ್ಕೆ) ಅಂಟಿಕೊಳ್ತದೆ, ತಾನೇ ಸಕ್ಕರೆ ಕರಗಿಸುದೆಲ್ಲ ಇಲ್ಲ, ಬರೀ ಸಿಗ್ನಲ್ ಕೊಡುದು, ಸಿಗ್ನಲ್ ಸಿಕ್ಕಿದ ಮೇಲೆ ಕೋಶದ ಒಳಗಿದ್ದ ಗ್ಲುಟ್4 ಅನ್ನುವ ಪ್ರೋಟೀನು ಮೇಲ್ಮೈಗೆ ಬಂದು ಗ್ಲೂಕೋಸನ್ನು ಒಳಗೆ ಬಿಡ್ತದೆ. ಲಿವರಿಗೂ ಸಿಗ್ನಲ್ ಹೋಗ್ತದೆ, ಸಕ್ಕರೆ ಹೊರಗೆ ಬಿಡುದು ಕಮ್ಮಿ ಮಾಡು ಅಂತ.

ಎಲೆಯಲ್ಲಿ ಇನ್ಸುಲಿನ್ ಉಂಟು ಅಂತಲೇ ಇಟ್ಕೊಳ್ಳಿ, ತಿಂದು ಪ್ರಯೋಜನ ಎಂತದ್ದು ಮಾರಾಯ್ರೆ? ಬಂಗುಡೆಯ ಪ್ರೋಟೀನಿನ ಹಾಗೇ ಅದನ್ನೂ ಹೊಟ್ಟೆಯ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ ಅನ್ನುವ ಜೀರ್ಣ ಮಾಡುವ ಕಿಣ್ವಗಳು ತುಂಡು ತುಂಡು ಮಾಡ್ತವೆ. 1922ರಲ್ಲಿ ಟೊರೊಂಟೊದಲ್ಲಿ ಮೊದಲ ರೋಗಿಗೆ ಕೊಟ್ಟದ್ದೂ ಇಂಜೆಕ್ಷನ್ನೇ, ಇವತ್ತಿಗೂ ಹೆಚ್ಚಾಗಿ ಚುಚ್ಚುದು ಇದೇ ಕಾರಣಕ್ಕೆ.

ಎಲೆಯ ಬೇರೆ ಅಂಶಗಳಿಂದ ಇಲಿಗಳಲ್ಲಿ ಶುಗರ್ ಇಳಿದದ್ದು ಉಂಟು, ಇಲ್ಲ ಅನ್ನುದಿಲ್ಲ. ಶುಗರಿನ ಮಾತ್ರೆ ತಗೊಳ್ಳುವವರು ಎಲೆ ತಿನ್ನುದಾದ್ರೆ ಡಾಕ್ಟ್ರಿಗೆ ಹೇಳಿ, ಎರಡೂ ಸೇರಿ ಶುಗರ್ ತೀರಾ ಇಳಿಯಲೂಬಹುದು. ಟೈಪ್ 1 ಡಯಾಬಿಟಿಸ್ (ದೇಹ ಇನ್ಸುಲಿನ್ ಮಾಡುದೇ ನಿಂತು ಹೋದ ಬಗೆ) ಇರುವವರಂತೂ ಇಂಜೆಕ್ಷನ್ ಬಿಡ್ಲೇಬಾರ್ದು, ಬಿಟ್ರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲದ ಅಂಶ ಏರಿ ಐಸಿಯು ಸೇರುವ ಹಾಗೆ ಆಗ್ತದೆ.