ಉಳ್ಳಾಗಡ್ಡಿಗೆ ಮನೆ ಸಾಲದು

ಕೊಪ್ಪಳದ ನಮ್ಮ ಮನೆಗೆ ಬೆಳಗಿನ ಪತ್ರಿಕೆ ಬಂದೊಡನೆ ಪದಬಂಧವಿರುವ ಹಾಳೆ ಬೇರ್ಪಟ್ಟು, 78ರ ಹರೆಯದ, ನಿವೃತ್ತ ಶಿಕ್ಷಕರಾದ ಅಪ್ಪನ ಪಾಲಾಗುತ್ತದೆ. ಅವರು ಅದನ್ನು ನಾಲ್ಕಾಗಿ ಮಡಚಿ, ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲಿಟ್ಟು, ಮೊದಲು ಪೆನ್ಸಿಲಿನಲ್ಲಿ ಬರೆದು, ಖಾತ್ರಿಯಾದ ಮೇಲಷ್ಟೇ ಪೆನ್ನಿನಲ್ಲಿ ತಿದ್ದುತ್ತಾರೆ.

ಈಚೆಗೊಂದು ದಿನ ‘ಹೆಚ್ಚುವವರನ್ನು ಅಳಿಸುವುದು’ ಎಂಬ ಸುಳಿವಿಗೆ ಮೂರು ಮನೆಗಳಿದ್ದವು. ಅಡುಗೆಮನೆಯಿಂದಲೇ ಅವ್ವ “ಉಳ್ಳಾಗಡ್ಡಿ” ಎಂದಳು. “ಉ, ಳ್ಳಾ, ಗ, ಡ್ಡಿ. ನಾಲ್ಕು ಮನಿ ಆಗತಾವು” ಎಂದು ಅಪ್ಪ ಬೆರಳು ಮಡಚಿದರು. “ಹಂಗಾರ ಪೇಪರಿನವರು ಒಂದು ಮನಿ ಕಡಿಮಿ ಹಾಕ್ಯಾರ ಬಿಡ್ರಿ” ಎಂಬ ತೀರ್ಪು ಬಂತು. ಅಪ್ಪ ‘ಈರುಳ್ಳಿ’ ಎಂದು ಬರೆದರು, ಆದರೆ ಪೆನ್ಸಿಲಿನಲ್ಲೇ.

1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಇಂಗ್ಲಿಷ್ ಪದಬಂಧದಲ್ಲಿ ಒಂದು ಮನೆಗೆ ಒಂದೇ ಬಿಡಿ ಅಕ್ಷರ. ಕನ್ನಡದಲ್ಲಾದರೋ ಕಾಗುಣಿತ, ಒತ್ತು ಎಲ್ಲವೂ ಸಂಸಾರ ಸಮೇತ ಒಂದೇ ಮನೆಯಲ್ಲಿರಬೇಕು. ಕೊಪ್ಪಳ, ಬಳ್ಳಾರಿಗಳಿಗೆ ಮೂರು ಮನೆ ಸಾಕು, ರಾಯಚೂರಿಗೆ ನಾಲ್ಕು ಬೇಕು. ಅಡ್ಡಪದವೂ ಉದ್ದಪದವೂ ಸಂಧಿಸುವಲ್ಲಿ ವ್ಯಂಜನವೊಂದು ಹೊಂದಿದರೆ ಸಾಲದು, ದೀರ್ಘವೂ ಒತ್ತೂ ಹೊಂದಬೇಕು. ‘ಳ್ಳಾ’ದಿಂದ ಯಾವ ಪದವೂ ಆರಂಭವಾಗದು, ಆದ್ದರಿಂದ ‘ಬಳ್ಳಾರಿ’ಯ ನಡುಮನೆಗೆ ಇನ್ನೊಂದು ಪದ ಬರಬೇಕಾದರೆ ಅದು ಮೇಲಿನಿಂದಲೇ ಇಳಿಯಬೇಕು. ಈ ತೊಡಕಿನಲ್ಲಿ ತಡಕಾಡುವಾಗ ಅಪ್ಪನ ತುಟಿಗಳು ಮಗ್ಗಿ ಹೇಳುವ ಹುಡುಗನಂತೆ ಅಲುಗುತ್ತವೆ.

ರಕ್ತದೊತ್ತಡ ನೋಡಿಸಲು ಹೋದಾಗ ವೈದ್ಯರು “ಪದಬಂಧ ಬಿಡಿಸಿರಿ, ಮರೆವಿಗೆ ಒಳ್ಳೆಯದು” ಎಂದದ್ದೇ ಎಡವಟ್ಟಾಯಿತು. ಅಂದಿನಿಂದ ಅಪ್ಪ ಅದನ್ನು ಗುಳಿಗೆಯಂತೆ ತೆಗೆದುಕೊಂಡರು. ಎರಡು ಮನೆ ಖಾಲಿ ಉಳಿದರೆ ತಮಗೆ ಮರೆವು ಶುರುವಾಯಿತೆಂದು ಊಟ ಬಿಡುವಷ್ಟು ಚಿಂತೆ. ವೈದ್ಯರ ಮಾತು ಸುಳ್ಳೆಂದಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸೌಮ್ಯ ಮರೆವಿದ್ದ 107 ಜನರನ್ನು 78 ವಾರ ಗಮನಿಸಿದಾಗ, ಕಂಪ್ಯೂಟರ್ ಆಟಗಳನ್ನು ಆಡಿದವರಿಗಿಂತ ಪದಬಂಧ ಬಿಡಿಸಿದವರು ತುಸು ಮೇಲಾಗಿ ಕಂಡರು. ಆದರೆ ಎರಡನ್ನೂ ಮಾಡದವರ ಗುಂಪು ಅಲ್ಲಿರಲಿಲ್ಲ. ನಮ್ಮ ಮನೆಯ ಸಾಕ್ಷ್ಯವೂ ಅಷ್ಟಕ್ಕಷ್ಟೇ: ಐದು ಮನೆಯ ಸಂಸ್ಕೃತ ಪದವನ್ನು ಕ್ಷಣಾರ್ಧದಲ್ಲಿ ಹಿಡಿಯುವ ಅಪ್ಪ, ಹಣೆಯ ಮೇಲಿರುವ ಕನ್ನಡಕವನ್ನು ಅರ್ಧ ತಾಸು ಹುಡುಕುತ್ತಾರೆ.

ಅವ್ವನಿಗೆ ಯಾವ ವೈದ್ಯರೂ ಏನನ್ನೂ ಬರೆದುಕೊಟ್ಟಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಐದೈದು ಮನೆಯ ಚೌಕಾಬಾರ ಬರೆದು, ಒಬ್ಬಂಟಿಯಾಗಿರುವ ಪಕ್ಕದ ಮನೆಯ ಅಜ್ಜಿಯನ್ನು ಕೂಗಿ ಕರೆಯುತ್ತಾಳೆ. ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಡಿಯಬೇಕು ಎಂಬ ಲೆಕ್ಕ ಕವಡೆ ನಿಲ್ಲುವ ಮೊದಲೇ ಮುಗಿದಿರುತ್ತದೆ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿದಾಗಲೆಲ್ಲ ಅವುಗಳ ಸುತ್ತ ನಡೆದಿರಬಹುದಾದ ಜಗಳಗಳೇ ನನಗೆ ಕೇಳಿಸುತ್ತವೆ. ಅಜ್ಜಿ ಕಾಯಿ ಕದ್ದು ನಡೆಸುತ್ತಾಳೆ; ಅವ್ವ ನೋಡಿದರೂ ಕೆಲವೊಮ್ಮೆ ಸುಮ್ಮನಿರುತ್ತಾಳೆ. ಪದಬಂಧ ಮುಗಿಯದ ದಿನ ಅಪ್ಪನೂ ಈಗ ಮೂರನೆಯ ಆಳಾಗಿ ಅಲ್ಲಿ ಕೂರುತ್ತಾರೆ.

ಮರುದಿನದ ಪತ್ರಿಕೆಯ ಉತ್ತರದಲ್ಲಿ ‘ಈರುಳ್ಳಿ’ಯೇ ಇತ್ತು. ಅಪ್ಪ ಅದನ್ನು ಅವ್ವನಿಗೆ ತೋರಿಸಲಿಲ್ಲ. ಸಂಜೆಯ ಸಂತೆಗೆಂದು ಅವರು ನನ್ನ ಕೈಗಿತ್ತ ಚೀಟಿಯಲ್ಲಿ, ಪೆನ್ನಿನಿಂದಲೇ, ಮೊದಲ ಸಾಲು ಹೀಗಿತ್ತು: ಉಳ್ಳಾಗಡ್ಡಿ, 2 ಕೆ.ಜಿ.