ಮೇಲಂತಸ್ತಿನ ಸಂಸಾರ

ಉಪ್ಪುನೀರಿನ ಅಕ್ವೇರಿಯಂ ಎಂದರೆ ತಳದಲ್ಲಿ ಮರಳು, ನಡುವೆ ಬಂಡೆ, ಬಂಡೆಯ ಸಂದಿಯಲ್ಲಿ ಕಿತ್ತಳೆ ಬಣ್ಣದ ಮೀನು. ಸರ್ಗಾಸೋ ಸಮುದ್ರದ ಮಾದರಿಯ ತೊಟ್ಟಿಯಲ್ಲಿ ಇದ್ಯಾವುದೂ ಇಲ್ಲ. ತಳ ಖಾಲಿ, ನಡುಮನೆಯೂ ಖಾಲಿ. ಮೇಲಿನ ನಾಲ್ಕೈದು ಅಂಗುಲದಲ್ಲಿ ಸಾಸಿವೆ ಹಳದಿಯ ಸೊಪ್ಪು ತೇಲುತ್ತಿರುತ್ತದೆ, ಸಂಸಾರವೆಲ್ಲ ಅದರೊಳಗೆ. ಮನೆಗೆ ಬಂದವರ ಮೊದಲ ಪ್ರಶ್ನೆ, "ಮೀನು ಇನ್ನೂ ತಂದಿಲ್ವಾ?" ಎರಡನೆಯದು, "ನೀರು ಯಾವಾಗ ಬದಲಾಯಿಸಿದ್ದು?"

ಅಸಲಿ ಸಮುದ್ರ ಇರುವುದು ಉತ್ತರ ಅಟ್ಲಾಂಟಿಕಿನಲ್ಲಿ. ಅದಕ್ಕೆ ದಡವಿಲ್ಲ. ಪಶ್ಚಿಮದಲ್ಲಿ ಗಲ್ಫ್ ಸ್ಟ್ರೀಮ್, ಪೂರ್ವದಲ್ಲಿ ಕೆನರಿ ಪ್ರವಾಹ, ಹೀಗೆ ಸುತ್ತ ಹರಿಯುವ ಪ್ರವಾಹಗಳೇ ಕಾಂಪೌಂಡು. 1492ರಲ್ಲಿ ಕೊಲಂಬಸ್‌ನ ಹಡಗುಗಳು ಹಾದದ್ದು ಈ ಸೊಪ್ಪಿನ ನಡುವೆಯೇ. ಸರ್ಗಾಸಮ್ ನಾಟಾನ್ಸ್, ಸರ್ಗಾಸಮ್ ಫ್ಲೂಯಿಟಾನ್ಸ್ ಎಂಬ ಎರಡು ಜಾತಿಗಳು ಹುಟ್ಟಿನಿಂದ ಸಾವಿನವರೆಗೆ ತೇಲಿಕೊಂಡೇ ಇರುತ್ತವೆ. ಬಂಡೆ ಹಿಡಿಯುವ ಬುಡವಿಲ್ಲ, ಬೀಜದ ಗೊಡವೆಯಿಲ್ಲ. ತುಂಡಾದರೆ ಎರಡಾಯಿತು, ಅಷ್ಟೇ ವಂಶಾಭಿವೃದ್ಧಿ. ಮೆಣಸಿನಕಾಳಿನಂಥ ಗಾಳಿಗುಳ್ಳೆಗಳು ಅದನ್ನು ಮುಳುಗಲು ಬಿಡುವುದಿಲ್ಲ.

ಆದ್ದರಿಂದ ತೊಟ್ಟಿಗೆ ಆಳ ಬೇಡ, ಅಗಲ ಬೇಕು. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಮೇಲೆ ಎರಡೂವರೆ ಅಂಗುಲ ಖಾಲಿ ಬಿಟ್ಟರೆ ಇನ್ನೂರು ಲೀಟರಿನ ಆಸುಪಾಸು ನೀರು. ಗಾಜು, ಸ್ಟ್ಯಾಂಡು ಸೇರಿ ಮುನ್ನೂರು ಕೆಜಿ. ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಇದ್ದರೆ ಕೆಳಮನೆಯವರನ್ನು ಈಗಲೇ ಪರಿಚಯ ಮಾಡಿಕೊಳ್ಳಿ.

ಉಪ್ಪಿನ ವಿಷಯಕ್ಕೆ ಬರೋಣ. ಕಲ್ಲುಪ್ಪು ಹಾಕಿದರೆ ಕಡಲಾಗುವುದಿಲ್ಲ, ಉಪ್ಪಿನಕಾಯಿ ಭರಣಿಯಾಗುತ್ತದೆ. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ಎಲ್ಲ ಇವೆ. ಅಕ್ವೇರಿಯಂಗೆಂದೇ ಬರುವ ಮಿಶ್ರಣ ಬೇಕು, ಇನ್ನೂರು ಲೀಟರಿಗೆ ಸುಮಾರು ಏಳೂವರೆ ಕೆಜಿ. ನೀರಿಗೆ ಉಪ್ಪು ಸುರಿಯಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ತಿರುವುಮುರುವಾದರೆ ಕ್ಯಾಲ್ಸಿಯಂ ಗಟ್ಟಿಯಾಗಿ ಹೊರಬಿದ್ದು ಡ್ರಮ್ಮಿನ ತುಂಬ ಸುಣ್ಣದ ನೀರು. ಒಂದು ದಿನ ಪಂಪು ಓಡಿಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದ ಮೇಲೆ ತೊಟ್ಟಿಗೆ.

ಈ ಉಪ್ಪು ಕರಗಿಸಲು ಖನಿಜ ಸೋಸಿ ತೆಗೆದ ಆರ್‌ಒ ನೀರೇ ಬೇಕು. ಆದರೆ ಅಡುಗೆಮನೆಯ ಗೋಡೆಯಲ್ಲಿ ನೇತಾಡುವ ಯಂತ್ರಗಳು ರುಚಿ ಕೆಡಬಾರದೆಂದು ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ಪುನಃ ಬೆರೆಸಿ ಕೊಡುವುದುಂಟು. ಕಾಫಿಗೆ ಅದು ಒಳ್ಳೆಯದು, ಇಲ್ಲಿ ಅಲ್ಲ. ನೀರಿನಲ್ಲಿ ಕರಗಿದ ಖನಿಜ ಅಳೆಯುವ, ಪೆನ್ನಿನ ಗಾತ್ರದ ಟಿಡಿಎಸ್ ಮೀಟರನ್ನು ಅದ್ದಿ ನೋಡಿ. ಸೊನ್ನೆಯ ಹತ್ತಿರ ಇರಬೇಕಾದದ್ದು ಎಂಬತ್ತು ತೋರಿಸಿದರೆ ಮಿಶ್ರಣದ ತಿರುಪು ಬಂದ್ ಮಾಡಿಸಿ.

ಜೀವಿಗಳನ್ನು ಬಿಡುವ ಮುನ್ನ ನಾಲ್ಕರಿಂದ ಆರು ವಾರ, ಹೊಲಸಿನಿಂದ ಹುಟ್ಟುವ ವಿಷವಾದ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಸಬೇಕು. ಅಮೋನಿಯ ಏರಿ ಇಳಿಯಬೇಕು, ಆಮೇಲೆ ನೈಟ್ರೈಟ್ ಏರಿ ಇಳಿಯಬೇಕು, ಕೊನೆಗೆ ನೈಟ್ರೇಟ್ ಕಾಣಬೇಕು. ಹಳಬರ ವಿಧಾನ ಹಸಿ ಸಿಗಡಿಯ ತುಂಡೊಂದನ್ನು ಹಾಕಿ ಕೊಳೆಯಲು ಬಿಡುವುದು. ಈರುಳ್ಳಿಯೂ ಒಳಬಾರದ ಮನೆಯಾದರೆ ಅಮೋನಿಯಂ ಕ್ಲೋರೈಡ್ ಹನಿ ಬಳಸಿ, ಕೆಲಸವೂ ಆಗುತ್ತದೆ, ಮನೆಯಲ್ಲಿ ಮಾತೂ ಉಳಿಯುತ್ತದೆ. ಹವಳದ ಗೊಡವೆ ಬೇಡ, ಅದು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಸೆರಾಮಿಕ್ ತುಂಡುಗಳೇ ಬ್ಯಾಕ್ಟೀರಿಯಾಗೆ ಮನೆ.

ಆ ತುಂಡುಗಳು ಕೂರುವುದು ಸಂಪಿನಲ್ಲಿ. ಕಾವೇರಿ ನೀರು ಬೀಳುವ ಸಂಪಲ್ಲ, ಸ್ಟ್ಯಾಂಡಿನ ಕೆಳಗಿನ ಚಿಕ್ಕ ತೊಟ್ಟಿ. ಮೇಲಿನ ನೀರು ಬಾಚಣಿಗೆಯಂಥ ಹಲ್ಲಿನ ಮೂಲಕ ಕೆಳಗಿಳಿಯುತ್ತದೆ, ಪಂಪು ವಾಪಸ್ ಏರಿಸುತ್ತದೆ. ಬೇರೆ ತೊಟ್ಟಿಗಳಲ್ಲಿ ಈ ಏರ್ಪಾಡು ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ. ಇಲ್ಲಿ ನೀರಿನ ಮೇಲೇ ಸೊಪ್ಪಿದೆ, ಅದಕ್ಕೆ ಬಾಚಣಿಗೆ ಕಂಡರೆ ತಲೆಗೂದಲಿನಷ್ಟೇ ಪ್ರೀತಿ. ರಾತ್ರಿ ಎರಡು ಗಂಟೆಗೆ ಹೋಗಿ ಅಂಟಿಕೊಳ್ಳುತ್ತದೆ. ಕೆಳಗಿಳಿಯುವ ದಾರಿ ಕಟ್ಟಿತು, ಪಂಪಿಗೆ ಅದರ ಪರಿವೆಯಿಲ್ಲ, ಏರಿಸುತ್ತಲೇ ಇರುತ್ತದೆ. ಬೆಳಿಗ್ಗೆ ಸರ್ಗಾಸೋ ಸಮುದ್ರ ಸೋಫಾದ ಕೆಳಗೆ.

ಪರಿಹಾರ ಲೆಕ್ಕದಲ್ಲಿದೆ. ಮೇಲೆ ಬಿಟ್ಟ ಎರಡೂವರೆ ಅಂಗುಲದಲ್ಲಿ ಹಿಡಿಯುವುದು ಮೂವತ್ತು ಲೀಟರು ಚಿಲ್ಲರೆ. ಸಂಪಿನಲ್ಲಿ ಪಂಪು ಕೂರುವ ಖಾನೆಯ ನೀರು ಇಪ್ಪತ್ತೈದು ಲೀಟರು ಮೀರದಂತೆ ಮಾಡಿ. ದಾರಿ ಕಟ್ಟಿದರೂ ಪಂಪು ಇಪ್ಪತ್ತೈದು ಏರಿಸಿ ಒಣಗಿ ಗೊರಗೊರ ಅನ್ನುತ್ತದೆ, ನೆಲ ಒದ್ದೆಯಾಗದು. ಬಾಚಣಿಗೆಯ ಮುಂದೆ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿ. ಸೊಪ್ಪನ್ನು ಒಂದು ಕಡೆ ಕಟ್ಟಿಹಾಕಲು ಗಾಳಿಪಂಪಿನ ಕೊಳವೆಯ ಎರಡು ತುದಿ ಸೇರಿಸಿ ಬಳೆ ಮಾಡಿ ತೇಲಿಬಿಟ್ಟರಾಯಿತು. ಅಲೆ ಎಬ್ಬಿಸುವ ಪಂಪನ್ನು ಮೇಲಿನಿಂದ ಹತ್ತು ಅಂಗುಲ ಕೆಳಗೆ, ಸ್ಪಂಜಿನ ಅಂಗಿ ತೊಡಿಸಿ ಇಡಿ. ಮೇಲಿಟ್ಟರೆ ಅದು ಮಿಕ್ಸಿ, ಸೊಪ್ಪು ಚಟ್ನಿ.

ಕರೆಂಟು ಹೋದಾಗ ಇದೇ ನಾಟಕ ತಲೆಕೆಳಗಾಗಿ ನಡೆಯುತ್ತದೆ. ಏರುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಎಳೆದು ಸಂಪು ತುಂಬಿ ಹರಿಯುತ್ತದೆ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದರೆ ಅಲ್ಲಿ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಿ.

ಬೆಂಗಳೂರಿನ ಏಪ್ರಿಲ್ಲಿನಲ್ಲಿ ಫ್ಯಾನು ಹಚ್ಚಿದರೆ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ತುಂಬಬೇಕಾದದ್ದು ಸಪ್ಪೆ ಆರ್‌ಒ ನೀರು. ನೀವು ಊರಿಗೆ ಹೋದಾಗ ಪಾಪ ಯಾರೋ ಕಾಳಜಿಯಿಂದ ಉಪ್ಪುನೀರು ಸುರಿದರೆ ಐದೇ ದಿನದಲ್ಲಿ ಲೀಟರಿಗೆ 35 ಗ್ರಾಂ ಇದ್ದದ್ದು 38ರ ಹತ್ತಿರಕ್ಕೆ ಏರುತ್ತದೆ. ಸಪ್ಪೆ ನೀರಿನ ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಇನ್ನು ಸೊಪ್ಪು. ನಮ್ಮ ಕರಾವಳಿಯ ಬಂಡೆಗಳ ಮೇಲೂ ಸರ್ಗಾಸಮ್ ಇದೆ, ಆದರೆ ಅದು ಬಂಡೆಗೆ ಕಚ್ಚಿ ಬೆಳೆಯುವ ದಾಯಾದಿ. ಕಿತ್ತು ತಂದರೆ ಗುಳ್ಳೆಯ ದಯೆಯಿಂದ ಕೆಲವು ವಾರ ತೇಲಿ, ಕಂದಾಗಿ, ಗುಳ್ಳೆ ಉದುರಿಸಿಕೊಂಡು ಮುಳುಗುತ್ತದೆ. ಮುಳುಗಿದ್ದನ್ನು ಅದೇ ದಿನ ತೆಗೆಯದಿದ್ದರೆ ಅಮೋನಿಯ. ಪ್ಲಾಸ್ಟಿಕ್ ಸೊಪ್ಪು ಹಾಕುವವರನ್ನು ನೋಡಿ ನಗಬೇಡಿ, ಅರ್ಧ ಅಸಲಿ ಅರ್ಧ ನಕಲಿ ಇಟ್ಟವರೇ ಜಾಣರು. ನೀರಿನ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಮುಚ್ಚಬೇಡಿ. ದೀಪ ಆರಿದ ಮೇಲೆ ಸೊಪ್ಪೂ ಆಮ್ಲಜನಕಕ್ಕೆ ಕೈಚಾಚುತ್ತದೆ, ನಸುಕಿನಲ್ಲಿ ಮೀನು ಏದುಸಿರು ಬಿಡುತ್ತದೆ. ದೀಪ ಪ್ರಖರವಾಗಿರಲಿ, ನೀರಿನಿಂದ ಒಂದಡಿ ಮೇಲಿರಲಿ. ತೀರಾ ಹತ್ತಿರವಾದರೆ ಅದರ ಮೇಲೆಲ್ಲ ಉಪ್ಪಿನ ಹೆಪ್ಪು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಯಜಮಾನ ಹಿಸ್ಟ್ರಿಯೋ ಹಿಸ್ಟ್ರಿಯೋ, ಸರ್ಗಾಸಮ್ ಮೀನು. ಹಿಂದೂ ಮಹಾಸಾಗರದಲ್ಲೂ ಇದೆ. ಈಜುವುದಕ್ಕಿಂತ ಹತ್ತುವುದೇ ಹೆಚ್ಚು. ಮುಂದಿನ ರೆಕ್ಕೆಗಳನ್ನು ಅಂಗೈಯಂತೆ ಬಳಸಿ, ಒಂದು ಕಡ್ಡಿ ಬಿಟ್ಟು ಇನ್ನೊಂದು ಹಿಡಿದು, ಮಾವಿನಮರದ ಹುಡುಗನಂತೆ ಸರಿಯುತ್ತದೆ. ಮೈತುಂಬ ಎಲೆಯಂಥ ಚರ್ಮದ ಜೋಲು, ಸೊಪ್ಪಿಗೆ ಅಂಟುವ ಹುಳುಗಳಂತೆ ಕಾಣುವ ಬಿಳಿ ಚುಕ್ಕೆ. ತನ್ನಷ್ಟೇ ದೊಡ್ಡ ಮೀನನ್ನೂ ನುಂಗುವ ಬಾಯಿ. ಜೋಡಿಯಿರಲಿ ಎಂದು ಎರಡು ತಂದರೆ ವಾರ ಕಳೆಯುವುದರೊಳಗೆ ಒಂದೇ ಇರುತ್ತದೆ, ದುಂಡಗೆ. ಸೀಗಡಿ, ಏಡಿ ಸಾಕುವ ಆಸೆ ಇದ್ದರೆ ಇದನ್ನು ತರಬೇಡಿ, ಇದನ್ನು ತಂದರೆ ಅವೆಲ್ಲ ದಿನಸಿ. ಮುಚ್ಚಳ ಜಾಲರಿಯದೇ ಇರಲಿ: ಗಾಜು ಗಾಳಿ ತಡೆಯುತ್ತದೆ, ಮುಚ್ಚದಿದ್ದರೆ ಮೀನು ಹೊರಗೆ ಹಾರುತ್ತದೆ. ಬಲೆಯಲ್ಲಿ ಎತ್ತಬೇಡಿ, ಗಾಳಿ ನುಂಗಿ ಬಲೂನಿನಂತೆ ತೇಲುತ್ತದೆ. ನೀರಿನೊಳಗೇ ಮಗ್ಗಿನಲ್ಲಿ ಹಿಡಿದು ಸಾಗಿಸಿ.

ಹಳೆ ಸೊಪ್ಪು ತೆಗೆದಾಗ ನೇರ ಕಸದ ಬುಟ್ಟಿಗೆ ಹಾಕುವಂತಿಲ್ಲ. ಮನೆಕೆಲಸದವರಿಗೂ ಹೇಳಿಟ್ಟಿರಿ, "ಗಲೀಜು ಕಟ್ಟಿತ್ತು, ತೆಗೆದುಬಿಟ್ಟೆ ಅಕ್ಕ" ಎಂಬ ಉಪಕಾರ ಯಾವ ದಿನವೂ ಆಗಬಹುದು. ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನಲ್ಲಿ ಸೊಪ್ಪನ್ನು ಮೆಲ್ಲಗೆ ಜಾಡಿಸಿ ಹತ್ತು ನಿಮಿಷ ಕಾಯಿರಿ. ಯಾವುದಾದರೂ ಎಲೆ ಆಕಳಿಸಿದರೆ ಅದನ್ನು ಮಗ್ಗಿನಲ್ಲಿ ವಾಪಸ್ ಮೇಲಂತಸ್ತಿಗೆ ಕಳಿಸಿ.